ಗಡಸು ನೀರಿಗೆ ಮೆತ್ತನೆಯ ಸರ್ಟಿಫಿಕೇಟು

ಮೈಸೂರು ರಸ್ತೆಯ ಪಕ್ಕದಲ್ಲೇ ಹರಿಯುವ ವೃಷಭಾವತಿಯಲ್ಲಿ ಬೇಕಾದಷ್ಟು ನೊರೆ. ಅಲ್ಲಿಂದ ಆರ್ಚ್ ಹೊಕ್ಕು, ರಾಜರಾಜೇಶ್ವರಿನಗರದ ನಮ್ಮ ಅಪಾರ್ಟ್‌ಮೆಂಟಿಗೆ ಬಂದು, ಬಚ್ಚಲಲ್ಲಿ ಕೂತು ಮೈಗೆ ಸೋಪು ಉಜ್ಜಿದರೆ ಒಂದು ಗುಳ್ಳೆ ಏಳುವುದಿಲ್ಲ. ಬೋರ್‌ವೆಲ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಮೊದಲು ಸೋಪನ್ನು ಹಿಡಿದು ಬಿಳಿ ಕಿಟ್ಟ ಮಾಡಿ ಬಕೆಟ್ಟಿನ ಅಂಚಿಗೆ ಮೆತ್ತುತ್ತವೆ. ಅವುಗಳ ಪಾಲು ತೀರಿ ಮಿಕ್ಕಿದ್ದರೆ ನಮಗೆ ನೊರೆ. ಬಟ್ಟೆ ಒಗೆಯುವ ಡಿಟರ್ಜೆಂಟಿಗೆ ಈ ಕಾಟ ಅಷ್ಟಿಲ್ಲ. ಅದು ಮನೆಯಲ್ಲೂ ನೊರೆ ಕೊಡುತ್ತದೆ, ಹೊಳೆ ಸೇರಿದ ಮೇಲೂ ಕೊಡುತ್ತದೆ. ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಇಷ್ಟು ಹೇಳಿ ನಾನು ಕೂತುಬಿಟ್ಟಿದ್ದರೆ ಚೆನ್ನಾಗಿತ್ತು.

ಕಾವೇರಿಯೂ ನಮಗೆ ಬರುತ್ತಾಳೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪಿನ ಮೇಲೆ ಪಂಪು ಹತ್ತಿ ಬಂದವಳು, ನಮ್ಮ ಸಂಪಿಗೆ ಇಳಿದು ಬೋರಿನ ನೀರಿನ ಸಹವಾಸಕ್ಕೆ ಬಿದ್ದು ಕೆಡುತ್ತಾಳೆ. 2007ರಲ್ಲಿ ಬಿಬಿಎಂಪಿಗೆ ಸೇರುವ ತನಕ ನಮ್ಮದು ಪ್ರತ್ಯೇಕ ನಗರಸಭೆ. ಆ ಕಾಲದಲ್ಲಿ ಎದ್ದ ನಮ್ಮ ಕಟ್ಟಡ ಬೋರನ್ನೇ ನಂಬಿ ಎದ್ದದ್ದು. ಗೀಸರಿನ ಕಾಯಿಲ್ ವರ್ಷಕ್ಕೊಮ್ಮೆ ಸಾಯುತ್ತದೆ, ಶವರಿನ ತೂತುಗಳು ಒಂದೊಂದಾಗಿ ಮುಚ್ಚಿ ಕೊನೆಗೆ ಒಂದೇ ಎಳೆ ನೀರು ಎದುರು ಗೋಡೆಗೆ ಹೊಡೆಯುತ್ತದೆ.

ಹಾಗಾಗಿ ಇಡೀ ಕಟ್ಟಡಕ್ಕೆ ಸಾಫ್ಟ್‌ನರ್ ಹಾಕಿಸುವ ಮಾತು ಬಂತು. ಕೊಟೇಶನ್ ನೋಡಿದ ಅಧ್ಯಕ್ಷರು, "ಮೊದಲು ನೀರು ಎಷ್ಟು ಗಡಸು ಅಂತ ಲ್ಯಾಬಲ್ಲಿ ನೋಡಿಸೋಣ" ಅಂದರು. ನಾನು ಎದ್ದು ನಿಂತೆ. "ಲ್ಯಾಬ್ ಯಾಕೆ ಸಾರ್, ಸುಮ್ಮನೆ ದುಡ್ಡು. ನಾನು ಬಿ.ಎಸ್ಸಿ. ಕೆಮಿಸ್ಟ್ರಿ."

ಚಪ್ಪಾಳೆ ಬಿತ್ತು. ಆ ಬಿ.ಎಸ್ಸಿ.ಯ ಒಳಗುಟ್ಟು ಸಭೆಗೆ ಗೊತ್ತಿರಲಿಲ್ಲ. ಟೈಟ್ರೇಶನ್ ಮಾಡುವಾಗ ಎರಡು ರೀಡಿಂಗ್ ಒಂದಕ್ಕೊಂದು ತಾಳೆಯಾಗಬೇಕು ಎಂಬುದು ಕಾಲೇಜಿನ ನಿಯಮ. ಎರಡನೆಯದನ್ನು ಮಾಡದೆ ಬರೆದುಬಿಟ್ಟರೆ ತಾಳೆಯಾಗದೆ ಎಲ್ಲಿ ಹೋಗುತ್ತದೆ? ನಾವು ಉತ್ತರವನ್ನು ಹಿಂದಿನ ಬ್ಯಾಚಿನವರಿಂದ ತಿಳಿದು, ಅಲ್ಲಿಂದ ಹಿಮ್ಮುಖವಾಗಿ ಲೆಕ್ಕ ಮಾಡಿ ಬ್ಯೂರೆಟ್ಟಿಗೆ ತಲುಪುತ್ತಿದ್ದೆವು. ಸಾಲ್ಟ್ ಅನಾಲಿಸಿಸ್ ದಿನ ಅಟೆಂಡರ್ ನಮ್ಮ ಮೇಜಿನ ಪಕ್ಕ ಹಾದುಹೋಗುವಾಗ ಕೆಮ್ಮುವ ರೀತಿಯಲ್ಲೇ ಬೇರಿಯಮ್ಮೋ ಅಮೋನಿಯಮ್ಮೋ ಗೊತ್ತಾಗುತ್ತಿತ್ತು. ಡಿಗ್ರಿ ಮುಗಿಸಿದವನು ಬ್ಯಾಂಕು ಸೇರಿ, ನಿವೃತ್ತಿಯವರೆಗೆ ಪರೀಕ್ಷಾನಳಿಕೆಯ ಮುಖ ನೋಡಲಿಲ್ಲ.

ಮನೆಗೆ ಬಂದು ಸುದ್ದಿ ಹೇಳಿದಾಗ ಹೆಂಡತಿ ಕೇಳಿದ್ದು ಒಂದೇ ಮಾತು. "ಇದರಲ್ಲಿ ಆಸಿಡ್ ಉಂಟಾ?"

ಆ ಪ್ರಶ್ನೆಗೆ ಇತಿಹಾಸವಿದೆ. ಹಿಂದೊಮ್ಮೆ ನಲ್ಲಿಯ ಬಿಳಿ ಕಿಟ್ಟ ತೆಗೆಯುತ್ತೇನೆಂದು ಬಚ್ಚಲು ತೊಳೆಯುವ ಆಸಿಡ್ ಹಿಡಿದು ಹೊರಟಿದ್ದೆ. ಕಿಟ್ಟವೆಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದರ 100 ಗ್ರಾಂ ಕರಗಲು 73 ಗ್ರಾಂ ಹೈಡ್ರೋಕ್ಲೋರಿಕ್ ಆಮ್ಲ ಬೇಕು, 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೆಕ್ಕ ಬಾಯಲ್ಲಿ ಹೇಳಿಕೊಳ್ಳುತ್ತ ದೇವರ ಮನೆ ಮುಂದೆ ಹಾದು ಹೋಗುವಾಗ ಬಾಟಲಿ ತುಳುಕಿತು. ನಮ್ಮ ದೇವರ ಮನೆಯ ಹೊಸ್ತಿಲು ಅಮೃತಶಿಲೆ. ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬೊನೇಟೇ. ಆಸಿಡ್ಡಿಗೆ ನಲ್ಲಿ ಯಾವುದು, ಹೊಸ್ತಿಲು ಯಾವುದು ಎಂಬ ಭೇದವಿಲ್ಲ, ಬುಸ್ ಎಂದಿತು. ಶ್ರೀಲಂಕಾದ ಆಕಾರದ ಒಂದು ಮಾಸಲು ಗುಳಿ ಇಂದಿಗೂ ಅಲ್ಲಿದೆ, ಅದರ ಮೇಲೆ ರಂಗೋಲಿ ನಿಲ್ಲುವುದಿಲ್ಲ. ಅದೇ ದಿನ, ಇನ್ನಷ್ಟು ಹೊಳಪು ಬರಲೆಂದು ಆಸಿಡ್ ಚೆಲ್ಲಿದ ಬಚ್ಚಲಿಗೆ ಬ್ಲೀಚಿಂಗ್ ಪುಡಿ ಸುರಿಯಲು ಹೊರಟವನ ಕೈಯಿಂದ ಅವಳು ಡಬ್ಬಿ ಕಿತ್ತುಕೊಂಡಳು. ಪುಡಿಯ ಪ್ಯಾಕೆಟ್ಟಿನ ಮೇಲೆ ಬರೆದದ್ದನ್ನು ಅವಳು ಓದಿದ್ದಳು, ನಾನು ಓದಿರಲಿಲ್ಲ. ಎರಡೂ ಸೇರಿದರೆ ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಶತ್ರುಗಳ ಮೇಲೆ ಬಿಟ್ಟದ್ದು ಅದನ್ನೇ. ನಾನು ಅದನ್ನು ಕಿಟಕಿಯಿಲ್ಲದ ಬಚ್ಚಲಲ್ಲಿ ನನ್ನ ಮೇಲೇ ಬಿಟ್ಟುಕೊಳ್ಳಲಿದ್ದೆ.

"ಆಸಿಡ್ ಇಲ್ಲ, ಇಡಿಟಿಎ" ಅಂದೆ. "ಯುಟಿಲಿಟಿಯಲ್ಲಿ ಮಾತ್ರ ಮಾಡಿ" ಎಂದು ಪರವಾನಗಿ ಸಿಕ್ಕಿತು.

ಗಡಸುತನ ಅಳೆಯುವ ಈ ವಿಧಾನವನ್ನು ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಕಂಡುಕೊಟ್ಟವರು ಜ್ಯೂರಿಕ್‌ನ ಶ್ವಾರ್ಟ್ಸೆನ್‌ಬಾಖ್. ಇಡಿಟಿಎ ಎಂಬ ಅಣು ಕ್ಯಾಲ್ಸಿಯಂ ಅಯಾನನ್ನು ಸುತ್ತಲಿನಿಂದ ಹಿಡಿದುಕೊಂಡು ಬಿಡುವುದಿಲ್ಲ. ನೀರಿಗೆ ಸ್ವಲ್ಪ ಅಮೋನಿಯ ಬಫರ್, ಚಿಟಿಕೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಹಾಕಿದರೆ ಕೆಂಪಗಾಗುತ್ತದೆ. ಮೇಲಿನಿಂದ ಇಡಿಟಿಎ ಹನಿಹನಿಯಾಗಿ ಬಿಡುತ್ತ ಹೋದರೆ ಕ್ಯಾಲ್ಸಿಯಂ ಎಲ್ಲ ಮುಗಿದ ಕ್ಷಣ ನೀಲಿಗೆ ತಿರುಗುತ್ತದೆ. 0.01 ಮೋಲಾರ್ ದ್ರಾವಣವಾದರೆ ಒಂದು ಎಂ.ಎಲ್.ಗೆ ಒಂದು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕ. ಇದಕ್ಕಿಂತ ಸುಲಭದ ಲೆಕ್ಕ ಬ್ಯಾಂಕಿನಲ್ಲೂ ಇಲ್ಲ.

ಒಂದು ಲೀಟರಿಗೆ 3.72 ಗ್ರಾಂ ಪುಡಿ ಬೇಕು. ಅಡುಗೆಮನೆಯ ತಕ್ಕಡಿ ಮೂರು ಎನ್ನುತ್ತದೆ, ಇಲ್ಲ ನಾಲ್ಕು ಎನ್ನುತ್ತದೆ, ನಡುವಿನದು ಅದಕ್ಕೆ ಗೊತ್ತಿಲ್ಲ. ಮಿಲಿಗ್ರಾಂ ತೂಗುವವರು ಯಾರೆಂದು ಯೋಚಿಸಿ ಹತ್ತಿರದ ಚಿನ್ನದಂಗಡಿಗೆ ಹೋದೆ. ಮಾಂಗಲ್ಯ ಆರಿಸುತ್ತಿದ್ದ ಒಂದು ಕುಟುಂಬದ ಪಕ್ಕದಲ್ಲಿ ನಿಂತು, ಜೇಬಿನಿಂದ ಬಿಳಿ ಪುಡಿಯ ಪ್ಲಾಸ್ಟಿಕ್ ಕವರ್ ತೆಗೆದು, ತಗ್ಗಿದ ದನಿಯಲ್ಲಿ, "ಮೂರು ಗ್ರಾಂ ಎಪ್ಪತ್ತೆರಡು ತೂಕ ಮಾಡಿಕೊಡ್ತೀರಾ?" ಎಂದೆ. ಮಾಂಗಲ್ಯದವರು ಎರಡು ಹೆಜ್ಜೆ ಹಿಂದೆ ಸರಿದರು. "ಏನ್ ಸಾರ್ ಇದು?" ಎಂದರು ಮಾಲೀಕರು. ಪೂರ್ತಿ ಹೆಸರು ಹೇಳಿದರೆ ಗೌರವ ಬರುತ್ತದೆಂದುಕೊಂಡು, "ಎಥಿಲೀನ್ ಡೈಅಮೀನ್ ಟೆಟ್ರಾ ಅಸಿಟಿಕ್ ಆಸಿಡ್ಡಿನ ಡೈಸೋಡಿಯಂ ಉಪ್ಪು" ಎಂದೆ. ಬಾಗಿಲ ಬಳಿ ಇದ್ದ ಸೆಕ್ಯೂರಿಟಿಯವರು ಒಳಗೆ ಬಂದರು. "ಶಾಂಪೂಗೂ ಹಾಕ್ತಾರೆ ಸಾರ್, ನಿಜವಾಗ್ಲೂ" ಎಂದು ಬೇಡಿಕೊಂಡ ಮೇಲೆ ತೂಗಿಕೊಟ್ಟರು. ಆದರೆ ನನ್ನ ಹೆಸರು, ಫ್ಲಾಟ್ ನಂಬರು ಬರೆಸಿಕೊಂಡರು.

ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಬ್ಯೂರೆಟ್ಟು, ಪಿಪೆಟ್ಟು, ಬಫರ್ ಬಾಟಲಿ ತಂದೆ. ಒಂದು ಲೀಟರಿನ ಸ್ಟ್ಯಾಂಡರ್ಡ್ ಫ್ಲಾಸ್ಕ್ ಬೆಲೆ ಕೇಳಿ, 100 ಎಂ.ಎಲ್.ನದು ಸಾಕೆಂದು ಅದನ್ನೇ ತಂದೆ. ಡಿಸ್ಟಿಲ್ಡ್ ವಾಟರ್ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿತು, ಬ್ಯಾಟರಿಗೆ ಹಾಕುವಂಥದು. ಉಳಿದದ್ದು ಸ್ಟ್ಯಾಂಡು. ಕೆಳಗಿನ ಮನೆಯವರು ತಮ್ಮ ತಾಯಿಗೆ ಗ್ಲೂಕೋಸ್ ಏರಿಸಲು ತಂದಿದ್ದ ಡ್ರಿಪ್ಸ್ ಸ್ಟ್ಯಾಂಡು ಮೂಲೆಯಲ್ಲಿ ನಿಂತಿತ್ತು. ಅದನ್ನು ಲಿಫ್ಟಿನಲ್ಲಿ ಹೊತ್ತು ತಂದು, ಬಟ್ಟೆ ಕ್ಲಿಪ್ಪುಗಳಿಂದ ಬ್ಯೂರೆಟ್ಟನ್ನು ಕಚ್ಚಿಸಿದೆ.

ಲಿಫ್ಟಿನಲ್ಲಿ ಜೊತೆಗಿದ್ದವರು ಏನೂ ಕೇಳಲಿಲ್ಲ. ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ನಾನು ಬ್ಯೂರೆಟ್ ತೊಳೆದು, ಮೂತಿಯ ಗಾಳಿಗುಳ್ಳೆ ಬಿಡಿಸಿ, ಸ್ಟೂಲಿನ ಮೇಲೆ ಕೂತು ಹನಿ ಬಿಡುವ ಹೊತ್ತಿಗೆ ಕಾಲಿಂಗ್ ಬೆಲ್ ಶುರುವಾಯಿತು. ಮೊದಲು ಬಂದವರು ಮೋಸಂಬಿ ತಂದರು. ಆಮೇಲೆ ಬಂದವರು ಎಳನೀರು. ತೆರೆದ ಯುಟಿಲಿಟಿ ಬಾಗಿಲಿನಿಂದ ಅವರಿಗೆ ಕಂಡದ್ದು ಡ್ರಿಪ್ಸ್ ಸ್ಟ್ಯಾಂಡು, ಹನಿ ಬೀಳುವ ಗಾಜಿನ ಕೊಳವೆ, ಅದರ ಕೆಳಗೆ ತಲೆ ತಗ್ಗಿಸಿ ಕೂತ ನಾನು. ಅಮೋನಿಯದ ವಾಸನೆ ಆಸ್ಪತ್ರೆಯ ವಾತಾವರಣಕ್ಕೆ ಒದಗಿ ಬಂತು. "ಮನೇಲೇ ಹಾಕಿಸ್ಕೊಳ್ತಿದಾರಾ? ಅಷ್ಟು ಸೀರಿಯಸ್ಸಾ?" ಎಂದು ಅವರು ಕೇಳಿದರೆ, ನನ್ನ ಹೆಂಡತಿ ತಿದ್ದುವ ಗೋಜಿಗೆ ಹೋಗದೆ, "ಮೊದಲಿನಿಂದಲೂ ಇದೆ, ಈಗ ಸ್ವಲ್ಪ ಜಾಸ್ತಿಯಾಗಿದೆ" ಎಂದಳು.

ಬ್ಯೂರೆಟ್ಟಿನ ರೀಡಿಂಗ್ ತೆಗೆಯುವಾಗ ಕಣ್ಣು ದ್ರವದ ಮಟ್ಟಕ್ಕೆ ನೇರವಾಗಿರಬೇಕು, ಕೆಳಬಾಗನ್ನು ಓದಬೇಕು. ನನ್ನದು ಬೈಫೋಕಲ್ ಕನ್ನಡಕ. ಮೇಲಿನ ಗಾಜಿನಲ್ಲಿ ಒಂದು ಕೆಳಬಾಗು, ಕೆಳಗಿನ ಗಾಜಿನಲ್ಲಿ ಇನ್ನೊಂದು. ಬಣ್ಣದ ವಿಷಯದಲ್ಲಂತೂ ನಾನು ಕುರುಡನೇ. ಕೆಂಪು ಹೋಯಿತೋ, ನೀಲಿ ಬಂತೋ ಎಂದು ಫ್ಲಾಸ್ಕ್ ಅಲ್ಲಾಡಿಸುತ್ತ ಪರದಾಡುವಾಗ ಹೆಂಡತಿಯೇ ಬಂದು ನಿಂತಳು. "ಇದು ವೈನ್ ಕಲರ್... ಇನ್ನೊಂದು ಹನಿ... ಈಗ ನೇರಳೆ... ಹಾಂ, ನಿಲ್ಸಿ, ಆನಂದ ನೀಲಿ ಬಂತು." ಸೀರೆ ಅಂಗಡಿಯಲ್ಲಿ ಪಳಗಿದ ಕಣ್ಣು. ಆಮೇಲೆ, "ಅರಿಶಿನಕ್ಕೆ ಸುಣ್ಣ ಹಾಕಿ ಆರತಿಗೆ ಓಕುಳಿ ನೀರು ಮಾಡ್ತೀವಲ್ಲ, ಅದೂ ಇದೇ ತಾನೇ?" ಎಂದಳು. ಅದು ಆಮ್ಲ-ಪ್ರತ್ಯಾಮ್ಲದ ಸೂಚಕ, ಇದು ಲೋಹದ ಅಯಾನಿನ ಸೂಚಕ ಎಂದು ನಾನು ಉಪನ್ಯಾಸ ಶುರುಮಾಡುವಷ್ಟರಲ್ಲಿ ಕುಕ್ಕರ್ ಕೂಗಿತು, ಹೋದಳು.

50 ಎಂ.ಎಲ್. ನೀರಿಗೆ 2.6 ಎಂ.ಎಲ್. ಇಡಿಟಿಎ. ಅಂದರೆ ಲೀಟರಿಗೆ 52 ಮಿಲಿಗ್ರಾಂ. ಭಾರತೀಯ ಮಾನಕ ಬ್ಯೂರೊ ಕುಡಿಯುವ ನೀರಿಗೆ 200ರವರೆಗೆ ಒಪ್ಪುತ್ತದೆ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸುತ್ತದೆ. ನಮ್ಮದು 52! ಎರಡನೇ ರೀಡಿಂಗ್ ತೆಗೆಯುವುದು ನಿಯಮ. ಕಾಲೇಜಿನ ಸಂಪ್ರದಾಯದಂತೆ 2.6 ಎಂದೇ ಬರೆದೆ. ನೋಟಿಸ್ ಬೋರ್ಡಿಗೆ ಸಹಿ ಹಾಕಿದ ಹಾಳೆ ಅಂಟಿಸಿದೆ. "ನಮ್ಮ ಬೋರಿನ ನೀರು ಅತ್ಯಂತ ಮೃದುವಾಗಿದ್ದು ಸಾಫ್ಟ್‌ನರ್ ಅಗತ್ಯವಿಲ್ಲ." ಸಹಿಯ ಕೆಳಗೆ ಬಿ.ಎಸ್ಸಿ.

ಸಂಜೆಯೊಳಗೆ ನಾಲ್ಕನೇ ಮಹಡಿಯವರು ತಮ್ಮ ಗೀಸರಿನ ಕಾಯಿಲ್ ಬಿಚ್ಚಿಸಿಕೊಂಡು ಬಂದು, ಸುಣ್ಣ ಮೆತ್ತಿ ತೋಳಿನಷ್ಟು ದಪ್ಪಗಾಗಿದ್ದ ಅದನ್ನು ನೋಟಿಸಿನ ಕೆಳಗೆ ಒರಗಿಸಿಟ್ಟು ಹೋದರು. ಮಾತಾಡಲಿಲ್ಲ. ಮನೆಯಲ್ಲಿ ಕುಕ್ಕರಿಗೆ ಎಷ್ಟು ಕೂಗು ಹಾಕಿಸಿದರೂ ತೊಗರಿಬೇಳೆ ಕಾಳುಕಾಳಾಗಿಯೇ ಇತ್ತು. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ನಿಗೆ ಕೂಡಿ ಅದನ್ನು ಬಿಗಿಮಾಡುತ್ತದೆ, ಅದಕ್ಕೇ ಬೇಯುವುದಿಲ್ಲ. "ಐವತ್ತೆರಡು ಅಂದ್ರಲ್ಲ?" ಎಂದು ಹೆಂಡತಿ ಪಾತ್ರೆ ನನ್ನ ಮುಂದಿಟ್ಟಳು. "ನಿಮ್ಮ ಬೇಳೆ ನೀವೇ ಬೇಯಿಸ್ಕೊಳ್ಳಿ."

ಅಧ್ಯಕ್ಷರು ಸಾಫ್ಟ್‌ನರ್ ಕಂಪನಿಯ ಹುಡುಗನನ್ನು ಕರೆಸಿದರು. ಅವನು ಬೆರಳುದ್ದದ ಶೀಶೆಗೆ ನೀರು ತುಂಬಿ, ಪುಟ್ಟ ಬಾಟಲಿಯಿಂದ ಹನಿ ಎಣಿಸಿ, ನಾನು ಸ್ಟೂಲ್ ಎಳೆದು ಕೂರುವ ಮೊದಲೇ, "ಐನೂರು ದಾಟಿದೆ ಸಾರ್" ಎಂದ. ನಾನು ಒಪ್ಪಲಿಲ್ಲ. ಅವನನ್ನು ಮನೆಗೆ ಕರೆತಂದು ಡ್ರಿಪ್ಸ್ ಸ್ಟ್ಯಾಂಡು, ಪುಸ್ತಕ, ರೀಡಿಂಗು ಎಲ್ಲ ತೋರಿಸಿದೆ. ಅವನು ಫ್ಲಾಸ್ಕನ್ನು ಎತ್ತಿ ಕತ್ತಿನ ಮೇಲಿನ ಗೆರೆ ನೋಡಿದ.

"ಒಂದು ಲೀಟರಿನ ಪುಡಿ ಪೂರ್ತಿ ಇದಕ್ಕೇ ಹಾಕಿದ್ರಾ ಸಾರ್?"

"ಹೂಂ."

"ಇದು ನೂರು ಎಂ.ಎಲ್. ಸಾರ್. ದ್ರಾವಣ ಹತ್ತರಷ್ಟು ಗಟ್ಟಿ. ನಿಮ್ಮ ಐವತ್ತೆರಡು, ಐನೂರ ಇಪ್ಪತ್ತು."

ಹಾಲಿನಲ್ಲಿ ಅಧ್ಯಕ್ಷರು, ನಾಲ್ಕನೇ ಮಹಡಿಯವರು, ನನ್ನನ್ನು ನೋಡಲು ಬಂದ ಇನ್ನಿಬ್ಬರು ಮೋಸಂಬಿಯವರು. ಹುಡುಗ ಸಂಕೋಚದಿಂದಲೇ ಕೇಳಿದ. "ಸಾರ್, ತಾವು ಏನು ಓದಿರೋದು?"

"ಬಿ.ಕಾಂ." ಎಂದೆ.

"ಸುಮ್ನಿರಿ ಸಾರ್" ಎಂದ ಅವನು, "ಬಿ.ಕಾಂ.ನೋರಿಗೆ ಇಷ್ಟು ಲೆಕ್ಕ ಬರುತ್ತೆ."