ಸ್ವಹಸ್ತರಾಯರ ಬಚ್ಚಲುಮನೆ

ನಿವೃತ್ತರಾದ ಮೇಲೆ ಕೆಲವರು ದೇವಸ್ಥಾನದ ಸಮಿತಿಗೆ ಸೇರುತ್ತಾರೆ, ಕೆಲವರು ಮೊಮ್ಮಗುವನ್ನು ನೋಡಿಕೊಳ್ಳಲು ಅಮೆರಿಕಕ್ಕೆ ಹೋಗುತ್ತಾರೆ, ಉಳಿದವರು ಡ್ರಿಲ್ಲಿಂಗ್ ಮಷೀನ್ ಕೊಳ್ಳುತ್ತಾರೆ. ನಮ್ಮ ರಾಯರು ಈ ಕೊನೆಯ ಪಂಗಡ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ, ಬೀದಿಯವರು ಇಟ್ಟದ್ದು ಸ್ವಹಸ್ತರಾಯರು. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ.

ಗುರುತು ಹಿಡಿಯುವುದು ಕಷ್ಟವಲ್ಲ. ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ ಟೆಸ್ಟರ್. ಸ್ಕೂಟರಿನ ಡಿಕ್ಕಿಯಲ್ಲಿ ಅಳತೆ ಟೇಪು, ಎಂ-ಸೀಲ್, ಟೆಫ್ಲಾನ್ ಟೇಪು. ಎಡಗೈಯ ಒಂದಲ್ಲ ಒಂದು ಬೆರಳಿಗೆ ಸದಾ ಬ್ಯಾಂಡೇಜು. ಹಾರ್ಡ್‌ವೇರ್ ಅಂಗಡಿಯ ಹುಡುಗರು ಇವರು ಬರುವುದನ್ನು ಕಂಡರೆ ಗೋದಾಮಿಗೆ ಹೋಗಿ ಕೂರುತ್ತಾರೆ. ಬ್ಯಾಂಕಿನಲ್ಲಿ ಸವೆದ ಜೀವ. ಮೇಸ್ತ್ರಿಗೆ ಕೂಲಿ ಕೊಡುವುದೆಂದರೆ ಜಾಮೀನಿಲ್ಲದೆ ಸಾಲ ಕೊಟ್ಟಷ್ಟು ಸಂಕಟ. “ಬಚ್ಚಲಿಗೆ ಟೈಲ್ಸ್ ಹಾಕೋಕೆ ಮೇಸ್ತ್ರಿ ಯಾಕ್ರೀ? ಒಂದು ಚೌಕ, ಅದರ ಪಕ್ಕ ಇನ್ನೊಂದು ಚೌಕ. ಮೂವತ್ತು ವರ್ಷ ಲೆಡ್ಜರ್ ಬರೆದವನಿಗೆ ಇದೇನು ಮಹಾ?”

ಹಾಗೆಂದು ರಾಯರಿಗೆ ತಿಳಿವಳಿಕೆ ಕಡಿಮೆ ಎನ್ನುವಂತಿಲ್ಲ. ಟೈಲ್ಸ್ ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಲ್ಲಿಂದ ಶುರು. ಅದು ಸೂರಿನ ಕಥೆಯಾಯಿತು, ನಮಗೆ ಬೇಕಾದದ್ದು ಬಚ್ಚಲಿನ ನೆಲ ಎಂದು ತಡೆದರೆ, ದೇಶದ ಟೈಲ್ಸಿನ ಬಹುಪಾಲು ತಯಾರಾಗುವ ಗುಜರಾತಿನ ಮೋರ್ಬಿಗೆ ಹಾರುತ್ತಾರೆ. ಅಲ್ಲಿಂದ ನಿಮ್ಮ ಮನೆಗೆ ಬಂದು ಮುಟ್ಟುವ ಹೊತ್ತಿಗೆ ಕಾಫಿ ಆರಿರುತ್ತದೆ.

ಆದರೆ ಹೇಳುವುದೆಲ್ಲ ನಿಜ. ವಿಟ್ರಿಫೈಡ್ ಟೈಲ್ಸ್ ಶೇ. 0.5ಕ್ಕಿಂತ ಹೆಚ್ಚು ನೀರು ಕುಡಿಯುವುದಿಲ್ಲ. ಬರೀ ಸಿಮೆಂಟ್ ಹಾಲು ಬಳಿದು ಕೂರಿಸಿದರೆ ಸರಿಯಾಗಿ ಕಚ್ಚುವುದಿಲ್ಲ, ಟೈಲ್ಸ್ ಅಡೆಸಿವ್ವೇ ಬೇಕು. ಗೋಡೆಗೆ ಹಾಕುವ ಸೆರಾಮಿಕ್ ಟೈಲ್ಸ್ ಶೇ. 10ಕ್ಕೂ ಹೆಚ್ಚು ಕುಡಿಯುತ್ತದೆ. ಅದನ್ನು ಸಿಮೆಂಟಿನಲ್ಲಿ ಕೂರಿಸುವುದಾದರೆ ಮೊದಲು ನೆನೆಹಾಕಬೇಕು, ಇಲ್ಲದಿದ್ದರೆ ಕಲಸಿದ ಗಾರೆಯ ನೀರನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ಲೆಕ್ಕಕ್ಕಿಂತ ನೂರಕ್ಕೆ ಹತ್ತು ಹೆಚ್ಚು ತರಬೇಕು, ಪೆಟ್ಟಿಗೆಗಳ ಮೇಲೆಲ್ಲ ಒಂದೇ ಬ್ಯಾಚ್ ನಂಬರ್ ಇರಬೇಕು. ಎರಡು ಬ್ಯಾಚಿನ ಬಿಳಿ ಒಂದೇ ಬಿಳಿಯಾಗಿರುತ್ತದೆಂದು ನಂಬಬಾರದು. ವಾಟರ್‌ಪ್ರೂಫಿಂಗ್ ಆದ ಮೇಲೆ ಎರಡು ದಿನ ನೀರು ನಿಲ್ಲಿಸಿ, ಕೆಳಗಿನ ಮನೆಯ ಸೂರು ಒದ್ದೆಯಾಗಿಲ್ಲ ಎಂದು ನೋಡಿಕೊಂಡೇ ಟೈಲ್ಸಿಗೆ ಕೈಹಾಕಬೇಕು. ಸಂದಿಗೆ 2 ಅಥವಾ 3 ಮಿಲಿಮೀಟರಿನ ಸ್ಪೇಸರ್. ಎಲ್ಲಕ್ಕಿಂತ ಮುಖ್ಯ, ನಹಾನಿ ಟ್ರ್ಯಾಪಿನ ಕಡೆಗೆ ಮೀಟರಿಗೆ 10ರಿಂದ 12 ಮಿಲಿಮೀಟರ್ ವಾಟ. ಇಷ್ಟನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ರಾಯರು ಸ್ವತಃ ಮಾಡಿ ತೋರಿಸುತ್ತೇನೆಂದರೆ ಮಾತ್ರ ಊರಲ್ಲಿಲ್ಲ ಎನ್ನಿಸಿ.

ಅವರ ಮನೆಯ ಬಚ್ಚಲಿನ ಕಥೆ ಬೀದಿಗೆಲ್ಲ ಗೊತ್ತು. ಹಳೆಯ ಟೈಲ್ಸ್ ಒಡೆಸಿದರೆ ಧೂಳು, ಡೆಬ್ರಿ ಸಾಗಿಸಲು ಟೆಂಪೋ, ಅದಕ್ಕೆ ಬಾಡಿಗೆ. ಆದ್ದರಿಂದ ಹಳೆಯದರ ಮೇಲೆಯೇ ಹೊಸದು. ಇದು ಒಪ್ಪಿತವಾದ ಪದ್ಧತಿಯೇ, ಅದಕ್ಕೆಂದೇ ಅಡೆಸಿವ್ ಸಿಗುತ್ತದೆ. ಹೆಂಡತಿ ಬಂದು ಇಣುಕಬಾರದೆಂದು ರಾಯರು ಬಾಗಿಲು ಹಾಕಿಕೊಂಡರು. ಹಾಲಿನ ನೆಲದ ಗೆರೆಗೆ ಬಚ್ಚಲಿನ ಗೆರೆ ಕೂಡಲೆಂದು ಬಾಗಿಲ ಬುಡದಿಂದಲೇ ಆರಂಭಿಸಿದರು. ಒಂದೊಂದೇ ಸಾಲು ಕೂರಿಸುತ್ತ, ಹಿಂದೆ ಹಿಂದೆ ಸರಿಯುತ್ತ, ಸಂಜೆಯ ಹೊತ್ತಿಗೆ ಕೊನೆಯ ಚೌಕ ಮುಗಿಸಿ ತಲೆ ಎತ್ತಿದಾಗ ಅವರು ಕಮೋಡಿನ ಮೇಲಿದ್ದರು. ಬಾಗಿಲು ಆ ಕೊನೆಯಲ್ಲಿತ್ತು.

“ರೀ, ಕಾಫಿ ಆರ್ತಾ ಇದೆ.”

“ಬರೋ ಹಾಗಿಲ್ಲ ಕಣೇ. ಇಪ್ಪತ್ನಾಲ್ಕು ಗಂಟೆ ಮೇಲೆ ಕಾಲಿಡಬಾರದು. ಚೀಲದ ಮೇಲೆ ಬರೆದಿದೆ.”

ನಿಯಮ ಮುರಿದು ಕಾಲಿಟ್ಟಿದ್ದರೂ ಪ್ರಯೋಜನವಿರಲಿಲ್ಲ. ಬಾಗಿಲು ಒಳಕ್ಕೆ ತೆರೆಯುವಂಥದು; ನೆಲ ಅರ್ಧ ಇಂಚು ಎತ್ತರವಾಗಿ ಅದು ಅಲ್ಲಾಡದಂತೆ ಕಚ್ಚಿಕೊಂಡಿತ್ತು. ಆಕೆ ಹಿತ್ತಲಿಗೆ ಹೋಗಿ, ಸ್ಟೂಲು ಹತ್ತಿ, ವೆಂಟಿಲೇಟರಿನ ಗಾಜಿನ ಪಟ್ಟಿಗಳ ನಡುವೆ ಎಳನೀರಿನ ಸ್ಟ್ರಾ ತೂರಿಸಿ ಕಾಫಿ ಕುಡಿಸಿದರು. ಆಮೇಲೆ ಬಡಗಿಗೆ ಫೋನು ಮಾಡಿದರು. ಅವನು ಬಂದು ಪಿವಿಸಿ ಬಾಗಿಲಿನ ಬುಡವನ್ನು ಹೊರಗಿನಿಂದಲೇ ಕೊಯ್ದ. ಅರ್ಧ ಇಂಚು ಸಾಕಿತ್ತು, ಆದರೆ ಕಟಿಂಗ್ ಮಷೀನು ನೆಲದವರೆಗೆ ಬಗ್ಗುವುದಿಲ್ಲವಲ್ಲ, ನಾಲ್ಕು ಬೆರಳು ಹೋಯಿತು. ಆ ದಿನದಿಂದ ರಾಯರ ಮನೆಗೆ ಬಂದ ಅತಿಥಿಗಳಿಗೆ, ಒಳಗೆ ಯಾರಿದ್ದರೂ ಅವರ ಪಾದದರ್ಶನ ಖಚಿತ.

ಬಾಗಿಲು ಹೋಗಲಿ. ವಾಟದ ಪಾಠ ಊರಿಗೆಲ್ಲ ಮಾಡಿದವರು ತಮ್ಮ ನೆಲಕ್ಕೆ ವಾಟ ಕೊಟ್ಟಿರಲಿಲ್ಲ. ಮರೆತರೆಂದು ತಿಳಿಯಬೇಡಿ. ರಸಮಟ್ಟ ಇಟ್ಟಾಗ ಗುಳ್ಳೆ ಒಂದು ಪಕ್ಕಕ್ಕೆ ಹೋಯಿತು, ಹೋಗಲೇಬೇಕು, ಅದೇ ವಾಟ. ಆದರೆ ನಾಲ್ಕಾಣೆ ವ್ಯತ್ಯಾಸ ಬಂದರೂ ರಾತ್ರಿ ಒಂಬತ್ತರವರೆಗೆ ಕೂತು ಟ್ಯಾಲಿ ಮಾಡಿ ಎದ್ದವರಿಗೆ ಆ ಗುಳ್ಳೆ ಪಕ್ಕಕ್ಕೆ ನಿಂತದ್ದು ಸಹಿಸಲಾಗಲಿಲ್ಲ. ಅಲ್ಲಿಷ್ಟು ಇಲ್ಲಿಷ್ಟು ಅಡೆಸಿವ್ ತುಂಬಿ, ಗುಳ್ಳೆಯನ್ನು ನಟ್ಟನಡುವೆ ತಂದು ನಿಲ್ಲಿಸಿಯೇ ಬಿಟ್ಟರು. ಅಷ್ಟು ಸಮತಟ್ಟಾದ ನೆಲ ವಿಧಾನಸೌಧದಲ್ಲೂ ಇರಲಿಕ್ಕಿಲ್ಲ. ಹೊಯ್ದುಕೊಂಡ ನೀರು ಹೊಯ್ದುಕೊಂಡಲ್ಲೇ ನಿಲ್ಲುತ್ತಿತ್ತು. ಸ್ನಾನ ಮುಗಿಸಿದವರು ವೈಪರ್ ಹಿಡಿದು ಟ್ರ್ಯಾಪಿನವರೆಗೆ ನೀರನ್ನು ಬೀಳ್ಕೊಟ್ಟು ಬರಬೇಕು. “ವ್ಯಾಯಾಮ ಆಗುತ್ತೆ” ಎಂದರು ರಾಯರು.

ಇಷ್ಟಾದ ಮೇಲೆ ಬೇರೆಯವರಾದರೆ ಮೆತ್ತಗಾಗುತ್ತಿದ್ದರು. ಸ್ವಹಸ್ತರ ಜಾತಿಯೇ ಬೇರೆ. ಒಂದು ಬಚ್ಚಲು ಮುಗಿದರೆ ಅವರು ತಜ್ಞರು. ಈಗ ಯಾರ ಗೃಹಪ್ರವೇಶವಿದ್ದರೂ ರಾಯರು ಹೋಳಿಗೆ ಊಟ ಮುಗಿಸಿ, ಕೈ ತೊಳೆಯಲು ಹೋದವರು ಬೇಗ ಬರುವುದಿಲ್ಲ. ಒಳಗಿನಿಂದ ಟಣ್, ಟಣ್, ಟಣ್, ಡಬ್ ಎಂದು ಸದ್ದು ಬರುತ್ತಿರುತ್ತದೆ. ಐದು ರೂಪಾಯಿ ನಾಣ್ಯದಿಂದ ಟೈಲ್ಸ್ ತಟ್ಟುತ್ತಿರುತ್ತಾರೆ. ಟಣ್ ಎಂದರೆ ಹಿಂದೆ ಪೂರ್ತಿ ಅಡೆಸಿವ್ ಕೂತಿದೆ, ಡಬ್ ಎಂದರೆ ಪೊಳ್ಳು. ಪರೀಕ್ಷೆ ಸರಿಯಾದದ್ದೇ. ಆದರೆ ಗೃಹಸ್ಥ ಮಡಿಪಂಚೆಯಲ್ಲಿ ಪುರೋಹಿತರಿಗೆ ದಕ್ಷಿಣೆ ಕೊಡುತ್ತಿರುವಾಗ ಹೋಗಿ, “ಮೂಲೆಯಲ್ಲಿ ಏಳು ಪೊಳ್ಳು ಇದೆ, ಈಗ್ಲೇ ಕೀಳಿಸಿಬಿಡಿ” ಎಂದು ಕಿವಿಯಲ್ಲಿ ಹೇಳುವುದಕ್ಕೆ ಎದೆ ಗಟ್ಟಿ ಬೇಕು. ಆ ಮನೆಯಾತ ತಾಂಬೂಲ ಕೊಡುವುದನ್ನೇ ಮರೆಯುತ್ತಾನೆ. ರಾಯರು ಕೇಳಿ ಇಸಿದುಕೊಳ್ಳುತ್ತಾರೆ.

ಊರ ಬಚ್ಚಲನ್ನೆಲ್ಲ ತಟ್ಟುವವರು ತಮ್ಮದನ್ನು ತಟ್ಟಿದ್ದು ಮಾತ್ರ ಯಾರೂ ಕಂಡಿಲ್ಲ.

ಮನೆಯಾಕೆ ಏನೂ ಮಾತಾಡಲಿಲ್ಲ. ರಾಯರು ಮಂತ್ರಾಲಯಕ್ಕೆಂದು ಹೊರಟು ರೈಲು ಹತ್ತಿದ ಮರುಗಳಿಗೆ ಮೇಸ್ತ್ರಿಯನ್ನು ಕರೆಸಿದರು. ಅವನು ನೆಲ ನೋಡಿ, “ಯಾರಮ್ಮಾ ಈ ಕೆಲಸ ಮಾಡಿದ್ದು? ಕಾಸು ಕೊಟ್ಟುಬಿಟ್ರಾ?” ಎಂದ. ಆಕೆ “ಬ್ಯಾಂಕಿನವರು” ಎಂದಷ್ಟೇ ಹೇಳಿದರಂತೆ. ಟೈಲ್ಸಿಗೆ ಹುಡುಕಾಡಬೇಕಾಗಲಿಲ್ಲ. ನೂರಕ್ಕೆ ಹತ್ತು ಎಂದು ಉಪದೇಶಿಸುವ ರಾಯರು ತಮ್ಮ ಕೈಯ ಮಹಿಮೆ ಬಲ್ಲವರಾಗಿ ನೂರಕ್ಕೆ ನೂರು ಹೆಚ್ಚು ತಂದಿದ್ದರು. ಅಟ್ಟದ ಮೇಲೆ ಅದೇ ಬ್ಯಾಚಿನ ಪೆಟ್ಟಿಗೆಗಳು ಸಾಲಾಗಿದ್ದವು. ಮೇಲಿನ ಪದರ ಎಬ್ಬಿಸಿ, ವಾಟ ಕೊಟ್ಟು, ಸಂದಿಗೆ ಗ್ರೌಟ್ ತುಂಬಿ, ಧೂಳು ಒರೆಸಿ ಮೇಸ್ತ್ರಿ ಹೊರಟುಹೋದ.

ರಾಯರು ಮಂತ್ರಾಕ್ಷತೆ ತಲೆಯ ಮೇಲಿಟ್ಟುಕೊಂಡೇ ಸ್ನಾನಕ್ಕೆ ಹೋದರು. ನೀರು ಹೊಯ್ದರು, ನೀರು ನೇರ ಟ್ರ್ಯಾಪಿಗೆ ಓಡಿತು. ಇನ್ನೊಂದು ಚೊಂಬು ಹೊಯ್ದರು, ಅದೂ ಓಡಿತು. ಒದ್ದೆ ಮೈಯಲ್ಲೇ ಟವೆಲ್ ಸುತ್ತಿಕೊಂಡು ಹೊರಬಂದು ಐದು ರೂಪಾಯಿ ಹುಡುಕಿದರು. ತಟ್ಟಿದರು. ಎಲ್ಲ ಕಡೆಯೂ ಟಣ್.

“ನೋಡಿದೆಯಾ? ಕ್ಯೂರಿಂಗ್ ಆಗೋಕೆ ಟೈಮ್ ಕೊಡಬೇಕು ಅಂತ ನಾನು ಬಡ್ಕೊಂಡೆ. ನಿನಗೆಲ್ಲಿ ತಾಳ್ಮೆ!”

ಆಕೆ ಹುಳಿಗೆ ಒಗ್ಗರಣೆ ಹಾಕಿದರು. ಅಂದಿನಿಂದ ಯಾರಾದರೂ ಹೊಸ ಬಚ್ಚಲಿನಲ್ಲಿ ನೀರು ನಿಲ್ಲುತ್ತದೆಂದು ಅಳಲು ತೋಡಿಕೊಂಡರೆ ರಾಯರು ಅವರ ಬೆನ್ನು ತಟ್ಟುತ್ತಾರೆ. “ಏನೂ ಮಾಡಿಸಬೇಡಿ. ಒಂದೆರಡು ತಿಂಗಳು ವೈಪರ್ ಹೊಡೀರಿ, ಆಮೇಲೆ ಒಂದ್ಸಲ ಮಂತ್ರಾಲಯಕ್ಕೆ ಹೋಗಿಬನ್ನಿ. ತಾನಾಗೇ ವಾಟಕ್ಕೆ ಬರುತ್ತೆ. ನಮ್ಮನೇದೂ ಹಾಗೇ ಆಗಿತ್ತು.”