ಹನ್ನೊಂದು ಸ್ಟೋ ಪಿನ್ನು

“ಸ್ಟೋ ಪಿನ್ ಐತೇನಪಾ?”

ಹಾವೇರಿಯ ಅಂಗಡಿಯ ಹುಡುಗ ಫೋನಿನಿಂದ ಕಣ್ಣೆತ್ತಲಿಲ್ಲ. “ಟೈಪ್ ಸಿ ಐತ್ರಿ. ಹಳೇ ಸಣ್ಣ ಪಿನ್ ಈಗ ಬರಂಗಿಲ್ಲ.”

“ಚಾರ್ಜರ್ ಅಲ್ಲೋ ತಮ್ಮಾ. ಸ್ಟೋಕ್ಕ ಹಾಕೂ ಪಿನ್.”

“ಸ್ಟೋ ಅಂದ್ರ ಯಾವ ಕಂಪನಿ ಫೋನ್ ರೀ?”

ಅವನದೇನೂ ತಪ್ಪಿಲ್ಲ. ಅವನು ಹುಟ್ಟುವ ಹೊತ್ತಿಗೆ ನಮ್ಮ ಕಡೆಯ ಪಂಪ್ ಸ್ಟೋಗಳೆಲ್ಲ ಅಡುಗೆಮನೆಯಿಂದ ಅಟ್ಟಕ್ಕೇರಿ, ಅಟ್ಟದಿಂದ ಗುಜರಿಗೆ ಇಳಿದಿದ್ದವು. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ 1892ರಲ್ಲಿ ಹುಟ್ಟಿಸಿದ ಆ ಜಾತಿಯ ಸ್ಟೋ ಒಂದು ನಮ್ಮವ್ವನ ಕೈಯಲ್ಲಿ ಮೂವತ್ತು ವರ್ಷ ಬಾಳಿತು. ಅಡುಗೆ ಅವ್ವನದು, ಸ್ಟೋವಿನ ಆರೋಗ್ಯ ಇಲಾಖೆ ನನ್ನದು. ಸೀಮೆಎಣ್ಣೆಯ ಕಸ ಸಿಕ್ಕಿ ಉರಿ ಕೆಂಪಗಾಗಿ ಹೊಗೆ ಕಾರತೊಡಗಿದರೆ ಒಳಗಿನಿಂದ ಕೂಗು ಬರುತ್ತಿತ್ತು: “ಪಿನ್ ಹೊಡ್ಯೋ!” ಮಡಿಸಿದ ತಗಡಿನ ಹಿಡಿಕೆ, ಅದರ ತುದಿಗೆ ಜೀರಿಗೆ ಕಾಳಿನಷ್ಟು ಉದ್ದದ ಕೂದಲಿನಂಥ ತಂತಿ. ಉಸಿರು ಬಿಗಿಹಿಡಿದು ತೂತು ಹುಡುಕಿ, ಚುಚ್ಚಿ ತೆಗೆದರೆ ಭುಸ್ಸೆಂದು ನೀಲಿ ಉರಿ. ಹತ್ತನೇ ವಯಸ್ಸಿಗೇ ಇಷ್ಟು ದೊಡ್ಡ ಯಶಸ್ಸು ಕಂಡ ಹುಡುಗ ಮುಂದೆ ಕೆಡುತ್ತಾನೆ. ನಾನು ಕೆಟ್ಟೆ. ಮುಂದೆ ಗಣಿತದ ಮಾಸ್ತರನಾದರೂ ಹರಿಯದ ಪೆನ್ನು, ಕಟ್ಟಿದ ಶವರು, ಮುನಿದ ಗ್ಯಾಸಿನ ಒಲೆ, ಎಲ್ಲದರ ಎದುರೂ ಏನಾದರೊಂದು ಮೊನೆ ಹಿಡಿದೇ ನಿಂತಿದ್ದೇನೆ.

ಈ ಸಲ ಕಟ್ಟಿದ್ದು ನನ್ನ ನೆಬ್ಯುಲೈಜರು.

ಉಬ್ಬಸದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ: ಒಂದು ಗಾಳಿ ಪಂಪು, ಒಂದು ಕೊಳವೆ, ಒಂದು ಪ್ಲಾಸ್ಟಿಕ್ ಬಟ್ಟಲು, ಒಂದು ಮಾಸ್ಕು. ಬಟ್ಟಲಿನ ತಳದಿಂದ ಎದ್ದ ಸೂಜಿಮೊನೆಯಂಥ ತೂತಿನಲ್ಲಿ ಗಾಳಿ ನುಗ್ಗುವಾಗ ಪಕ್ಕದಲ್ಲಿದ್ದ ಔಷಧವನ್ನು ಮೇಲಕ್ಕೆಳೆದು ಚೂರುಚೂರು ಮಾಡಿ ಮಂಜಾಗಿಸುತ್ತದೆ. ಒಂದರಿಂದ ಐದು ಮೈಕ್ರಾನ್ ಗಾತ್ರದ ಹನಿಯಾದರೆ ಎದೆಯೊಳಕ್ಕೆ ಇಳಿಯುತ್ತದೆ, ಅದಕ್ಕಿಂತ ದಪ್ಪಗಾದರೆ ಗಂಟಲಲ್ಲೇ ಬಿಡಾರ ಹೂಡುತ್ತದೆ. ತಲೆಗೂದಲು ಸುಮಾರು ಎಪ್ಪತ್ತು ಮೈಕ್ರಾನ್ ದಪ್ಪ, ಲೆಕ್ಕ ನೀವೇ ಹಾಕಿಕೊಳ್ಳಿ. ನಮ್ಮಾಕಿ ಇದಕ್ಕೆ ಇಟ್ಟ ಹೆಸರು ‘ಹೊಗಿ ಮಷೀನ್’. “ಸಿಗರೇಟ್ ಬಿಟ್ಟು ಇಪ್ಪತ್ತು ವರ್ಷ ಆತು, ಹೊಗಿ ಮಾತ್ರ ಇವರನ್ನ ಬಿಡವಲ್ತು” ಎಂದು ಬಂದವರಿಗೆಲ್ಲ ಹೇಳುತ್ತಾಳೆ.

ನಮ್ಮಾಕಿಯ ತವರು ಬ್ಯಾಡಗಿ. ಪ್ರತಿ ಫೆಬ್ರುವರಿಯಲ್ಲಿ ವರ್ಷದ ಖಾರದಪುಡಿ ಮಾಡಿಸಲು ಅಲ್ಲಿ ಒಂದು ವಾರ ಠಿಕಾಣಿ. ಮೋಟೆಬೆನ್ನೂರಿನಲ್ಲಿ ಬಸ್ಸು ಹೆದ್ದಾರಿ ಬಿಟ್ಟು ಬ್ಯಾಡಗಿ ಕಡೆ ಹೊರಳಿದ ಕೂಡಲೇ ಬಸ್ಸಿನಲ್ಲಿ ಒಬ್ಬ ಸೀನುತ್ತಾನೆ. ಅವನು ಹೊರಗಿನವನು ಎಂದು ಎಲ್ಲರಿಗೂ ತಿಳಿಯುತ್ತದೆ. ಮೂವತ್ತೈದು ವರ್ಷದ ಅಳಿಯತನದ ನಂತರವೂ ಆ ಸೀನುವವನು ನಾನೇ. ಸೋಮವಾರ, ಗುರುವಾರದ ಪೇಟೆಯಾದರಂತೂ ಇಡೀ ಊರಿನ ಗಾಳಿಗೇ ಒಗ್ಗರಣೆ ಬಿದ್ದಿರುತ್ತದೆ. ನಮ್ಮತ್ತೆ ಇದನ್ನು ಒಪ್ಪುವುದಿಲ್ಲ. “ನಮ್ಮ ಕಾಯಿ ಬಣ್ಣಕ್ಕ ಹೆಸರಾದದ್ದು, ಖಾರಕ್ಕಲ್ಲ. ನಿಮ್ಮ ಮೂಗ ಹಂಗ ಐತಿ ಅಳಿಯಂದ್ರ.” ಅದು ಖರೆ. 2011ರಲ್ಲಿ ಜಿಐ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯಿಂದ ಹಿಂಡಿದ ಬಣ್ಣ ತುಟಿಗೂ ಉಗುರಿಗೂ ಹೋಗುತ್ತದೆ. ಆದರೆ ಮೂಗು ಬಣ್ಣ ನೋಡುವುದಿಲ್ಲವಲ್ಲ!

ಈ ಸಲವೂ ಅತ್ತೆಯ ಮನೆಯ ಮಾಳಿಗೆಯ ಮೇಲೆ ಎರಡು ರಾಶಿ ಒಣಗುತ್ತಿದ್ದವು. ಗಿಡ್ಡ, ದಪ್ಪ, ಸುಕ್ಕು ಸುಕ್ಕಿನ ಡಬ್ಬಿ ಒಂದು ಕಡೆ, ಉದ್ದ ಸಪೂರದ ಕಡ್ಡಿ ಇನ್ನೊಂದು ಕಡೆ. ತೊಟ್ಟು ಬಿಡಿಸಲು ಮೂವರು ಹೆಣ್ಣುಮಕ್ಕಳು ಬಂದಿದ್ದರು. ನಾನು ಮಾಳಿಗೆಗೆ ಹೊಂದಿದ ಕೋಣೆಯ ಕಿಟಕಿಕಟ್ಟೆಯ ಮೇಲೆ ಮಷೀನಿಟ್ಟುಕೊಂಡು, ‘ಇಲ್ಲಿ ಗಾಳಿ ಚಲೋ ಬರತೈತಿ’ ಎಂಬ ಸಮಾಧಾನದಲ್ಲಿ ದಿನಕ್ಕೆರಡು ಸಲ ಮಂಜು ಕುಡಿಯುತ್ತಿದ್ದೆ.

ಹಾವೇರಿಗೆ ಬಂದ ಮೇಲೆ ಮಂಜು ಸೊರಗಿತು. ಹತ್ತು ನಿಮಿಷದ ಔಷಧ ಅರ್ಧ ತಾಸಾದರೂ ಮುಗಿಯದು. ಪಂಪು ಗುರ್ರೆನ್ನುತ್ತದೆ, ಮಾಸ್ಕಿನಲ್ಲಿ ಏನೂ ಇಲ್ಲ. ಸರಕಾರಿ ಸಭೆ ನಡೆದಂತೆ.

ಆ ಹೊತ್ತಿಗೆ ಸರಿಯಾಗಿ ಮ್ಯಾಂಚೆಸ್ಟರ್‌ನಲ್ಲಿರುವ ತಂಗಿಯ ಮಗ ವಿಡಿಯೋ ಕಾಲ್ ಮಾಡಿದ. ಅವನ ಕೈಯಲ್ಲೂ ಒಂದು ಹೊಗೆ ಮಷೀನು. ಇ-ಸಿಗರೇಟು. ತಾನೇ ಸಿಗರೇಟಿಗೆ ಬಿದ್ದಿದ್ದ ಹಾನ್ ಲಿಕ್ ಎಂಬ ಚೀನದ ಔಷಧಿಕಾರ 2003ರಲ್ಲಿ ಮಾಡಿದ ಈ ಯಂತ್ರ ನಮ್ಮಲ್ಲಿ ಅಪರಾಧದ ಮಾಲು. ಕರ್ನಾಟಕ 2016ರಲ್ಲೇ ನಿಷೇಧಿಸಿತು, 2019ರಲ್ಲಿ ಇಡೀ ದೇಶಕ್ಕೆ ಕಾಯ್ದೆ ಬಂತು. ಮಾರಿದವನಿಗೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅಲ್ಲಿ ಹಾಗಿಲ್ಲ. ಸೇದಿ ಎಸೆಯುವ ಜಾತಿಯನ್ನು ಮಾತ್ರ 2025ರ ಜೂನ್ 1ರಿಂದ ನಿಲ್ಲಿಸಿದ್ದಾರಂತೆ. ಹಾಗಾಗಿ ನಮ್ಮ ಅಳಿಯ ಮತ್ತೆ ಮತ್ತೆ ತುಂಬಿಸಿಕೊಳ್ಳುವ ಜಾತಿಗೆ ಬಂದಿದ್ದ, ತೊಳೆಯುವ ಕಷ್ಟಕ್ಕೂ ಬಂದಿದ್ದ. ಅವನ ಅವ್ವನಿಗೆ ಇದು ಗೊತ್ತಿಲ್ಲ. ನನ್ನ ತಂಗಿ ನಾನು ಬರೆದದ್ದನ್ನು ಇಂದಿನವರೆಗೆ ಓದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಆ ಕಾಲ್ ಯಾರಾದರೂ ನೋಡಬೇಕಿತ್ತು. ಅಲ್ಲಿ ಅಳಿಯ, ಇಲ್ಲಿ ಮಾವ, ಇಬ್ಬರ ಮುಖಕ್ಕೂ ಪ್ಲಾಸ್ಟಿಕ್ಕು. ಒಬ್ಬ ಎದೆ ಕೆಡಿಸಿಕೊಳ್ಳಲು ಎಳೆಯುತ್ತಿದ್ದಾನೆ, ಒಬ್ಬ ಕೆಟ್ಟ ಎದೆ ತಿದ್ದಿಕೊಳ್ಳಲು. ಅವನದು ಮಾವಿನಹಣ್ಣಿನ ವಾಸನೆಯಂತೆ. ಏಲಕ್ಕಿ ಮಾಲೆಗೆ ಹೆಸರಾದ ಹಾವೇರಿಯವನು ದುಡ್ಡು ಕೊಟ್ಟು ವಾಸನೆ ಎಳೆಯುತ್ತಾನಲ್ಲ ಎಂದು ನನಗೆ ಸಿಟ್ಟು ಬಂತು. ಆದರೆ ವಿದ್ಯೆಯಿದೆ ಹುಡುಗನಲ್ಲಿ. ಸಿಹಿ ಹಾಕಿದ ದ್ರವ ಒಳಗಿನ ಕಾಯುವ ತಂತಿಸುರುಳಿಯ ಮೇಲೆ ಸುಟ್ಟು, ಬೆಲ್ಲದ ಪಾಕ ತಳ ಹಿಡಿದಂತೆ ಕರಿ ಕಟ್ಟುತ್ತದಂತೆ. ತೊಳೆಯಲು ಬರುವಂಥದ್ದಾದರೆ ಬಿಚ್ಚಿ, ಬಿಸಿನೀರಿನಲ್ಲಿ ಅದ್ದಿ, ಪೂರ್ತಿ ಒಣಗಿಸಬೇಕು. ಆಮೇಲೆ ಒಳಗಿನ ಹತ್ತಿಗೆ ದ್ರವ ಕುಡಿಸಿ ಹತ್ತು ನಿಮಿಷ ತಾಳಬೇಕು. ಅವಸರ ಮಾಡಿ ಒಣ ಹತ್ತಿ ಕಾಯಿಸಿದರೆ ಗಂಟಲಿಗೆ ಸುಟ್ಟ ಅರಿವೆಯ ರುಚಿ. ಅವನ ಅಜ್ಜ ರಾಣೆಬೆನ್ನೂರಿನ ಪೇಟೆಯಲ್ಲಿ ಹತ್ತಿ ವ್ಯಾಪಾರ ಮಾಡಿದವರು. ಮೊಮ್ಮಗ ಹತ್ತಿಯ ಬಗ್ಗೆ ಕೊನೆಗೂ ಏನೋ ಕಲಿತಿದ್ದ.

“ಮಾಮಾ, ನಿಮ್ಮದು ಬ್ಯಾರೆ. ನಂದ್ರಾಗ ತಂತಿ ಕಾಯ್ತೈತಿ, ನಿಮ್ಮದ್ರಾಗ ಬರೇ ಗಾಳಿ. ಒಂದು ಪಾಲು ಬಿಳೇ ವಿನೆಗರ್, ಮೂರು ಪಾಲು ನೀರು. ಅರ್ಧ ತಾಸು ನೆನಸ್ರಿ, ಚಲೋ ನೀರಾಗ ತೊಳೀರಿ, ಒಣಗಸ್ರಿ. ಪಿನ್ ಗಿನ್ ಮಾತ್ರ ಹಾಕಬ್ಯಾಡ್ರಿ ಮತ್ತ.”

ಕೊನೆಯ ಮಾತು ನೆಟ್‌ವರ್ಕ್ ತೊಂದರೆಯಿಂದ ಕೇಳಿಸಲಿಲ್ಲ ಎಂದು ನಾನು ಮನೆಯಲ್ಲಿ ಹೇಳಿದ್ದೇನೆ. ಕೇಳಿಸಿತ್ತು.

ಬಿಳೇ ವಿನೆಗರ್ ನಮ್ಮೂರಲ್ಲಿ ಯಾರ ಹತ್ತಿರ ಇರುತ್ತದೆ? ಗೋಬಿ ಗಾಡಿಯವನ ಹತ್ತಿರ. ಸ್ಟೀಲಿನ ಡಬ್ಬಿ ಹಿಡಿದು ಹೋಗಿ ಇಸಿದುಕೊಂಡು ಬಂದೆ. ಬೋರಿನ ಸವಳು ನೀರಿನಲ್ಲಿ ತೊಳೆದು ತೊಳೆದು ಬಟ್ಟಲಿನ ಅಂಚಿಗೆ ನಾನೇ ಕಟ್ಟಿಸಿದ್ದ ಸುಣ್ಣದ ಗೆರೆ ಕರಗಿತು. ಎರಡು ದಿನ ನನ್ನ ಶ್ವಾಸಕೋಶ ಮಂಚೂರಿ ತಿಂದ ಸುಖದಲ್ಲಿತ್ತು. ಮಂಜು ಮಾತ್ರ ಬರಲಿಲ್ಲ.

ಇನ್ನು ಪಿನ್ನೇ ಗತಿ. ಹಾವೇರಿಯಲ್ಲಿ ಏನಾಯಿತು ಎಂದು ಆಗಲೇ ಹೇಳಿದೆ. ರೈಲು ಹತ್ತಿ, ಬ್ಯಾಡಗಿ, ದೇವರಗುಡ್ಡ ದಾಟಿ ರಾಣೆಬೆನ್ನೂರಿಗೆ ಹೋದೆ. ಅಲ್ಲಿಯ ಒಂದು ಓಣಿಯಲ್ಲಿ, ಹಗ್ಗ, ಕಂದೀಲು, ಇಲಿಬೋನು ತೂಗುಹಾಕಿದ ಅಂಗಡಿಯಲ್ಲಿ, ನನ್ನ ವಯಸ್ಸಿನ ಯಜಮಾನ. “ಸ್ಟೋ ಪಿನ್?” ಎಂದು ಅವರು ಮೂಗಿನ ತುದಿಗೆ ಕನ್ನಡಕ ಜಾರಿಸಿ ನನ್ನನ್ನು ನೋಡಿದ ರೀತಿಗೆ ಜಾತ್ರೆಯಲ್ಲಿ ಕಳೆದುಹೋದ ಅಣ್ಣತಮ್ಮಂದಿರು ಸಿಕ್ಕಂತಾಯಿತು. ಏಣಿ ಹತ್ತಿ, ಪೇಪರಿನ ಪೊಟ್ಟಣ ಇಳಿಸಿ, ಧೂಳು ಊದಿ, ನನ್ನಿಂದ ಎರಡು ಸೀನು ಹೊರಡಿಸಿ ಹೇಳಿದರು: “ಬಿಡಿ ಕೊಡಂಗಿಲ್ರಿ. ಡಜನ್ನ ಒಯ್ಯಬೇಕು. ನಾ ಹ್ವಾದ ಮ್ಯಾಲೆ ಇವನ್ನ ಯಾರ ಮಾರತಾರ?” ಚಹಾನೂ ಕುಡಿಸಿದರು.

ಭಾನುವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಮೇಜಿನ ಮೇಲೆ ಪೇಪರು ಹಾಸಿದೆ. ಮೊಮ್ಮಗನಿಗೆ ಟಾರ್ಚು ಕೊಟ್ಟೆ. ಓದುವ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿದೆ. ಬಟ್ಟಲು ಬಿಚ್ಚಿದೆ, ತೂತಿನ ಮೇಲೆ ಕೂಡುವ ಟೊಪ್ಪಿಗೆಯಂಥ ತುಣುಕನ್ನು ಕಳೆಯಬಾರದೆಂದು ಬಾಯಲ್ಲಿಟ್ಟುಕೊಂಡೆ. ಮೊದಲ ಚುಚ್ಚು ಗುರಿ ತಪ್ಪಿ ಹೆಬ್ಬೆರಳಿಗೆ. ಎರಡನೆಯದು ಪೇಪರಿನಲ್ಲಿದ್ದ ಮಂತ್ರಿಗಳ ಕಿವಿಗೆ. “ಅಜ್ಜಾ, ಅಲ್ಲೆ ಅಲ್ಲ, ಇಲ್ಲೆ” ಎಂದು ಮೊಮ್ಮಗ ಟಾರ್ಚನ್ನು ನೇರ ನನ್ನ ಕಣ್ಣಿಗೆ ಬಿಟ್ಟ. ಕುರುಡಾದ ಆ ಗಳಿಗೆಯಲ್ಲೇ ಕೈಗೆ ಐವತ್ತು ವರ್ಷದ ಹಿಂದಿನ ನೆನಪು ಬಂದು, ಪಿನ್ನು ತಾನಾಗಿ ತೂತು ಹೊಕ್ಕಿತು! ಒಳಗೆ ಸಣ್ಣಗೆ ಕರಕ್ ಎಂದಿತು. ಕಸ ಸಿಕ್ಕಿತು ಎಂದುಕೊಂಡೆ. ಹಿಗ್ಗಿನಲ್ಲಿ ಒಂದು ಸುತ್ತು ತಿರುವಿದೆ. ಇನ್ನೊಂದು ಸುತ್ತು. ಮೂರನೆಯದು ಬರೇ ಸಂತೋಷಕ್ಕೆ. ಹೊರಗೆಳೆಯುವಾಗ ತಂತಿ ತಗಡಿನಿಂದ ಕಳಚಿ ಪೇಪರಿನ ಮೇಲೆ ಬಿತ್ತು. ಸ್ಟೋವಿನ ಹಿತ್ತಾಳೆಯ ನಿಪ್ಪಲ್ಲು ತಡೆದುಕೊಳ್ಳುವುದನ್ನು ಪ್ಲಾಸ್ಟಿಕ್ಕು ತಡೆಯುವುದಿಲ್ಲ ಎಂಬುದು ಆಗ ಹೊಳೆಯಬೇಕಿತ್ತು.

ಜೋಡಿಸಿದೆ. ಔಷಧ ಸುರಿದೆ. ಮನೆಮಂದಿಯೆಲ್ಲ ಸುತ್ತ ನಿಂತರು. ದೇವರಗುಡ್ಡದ ಕಾರ್ಣಿಕದಲ್ಲಿ ಭವಿಷ್ಯ ನುಡಿಯುವ ಗೊರವಪ್ಪ ಬಿಲ್ಲೇರಿ ‘ಸದ್ದಲೇ’ ಎಂದ ಕೂಡಲೇ ಸಾವಿರಾರು ಜನ ಕೆಮ್ಮದೆ ನಿಲ್ಲುತ್ತಾರಲ್ಲ, ಹಾಗೆ. ಕಾರ್ಣಿಕ ನೋಡಿಬಂದಿದ್ದ ಮೊಮ್ಮಗ ಕುರ್ಚಿ ಹತ್ತಿ ಖರೇನೇ ಕೂಗಿದ: “ಸದ್ದಲೇ!” ನಾನು ಸ್ವಿಚ್ ಒತ್ತಿದೆ. ಗುರ್ರ್... ಫುಚ್! ಮಂಜಲ್ಲ, ಉಗುಳು. ತಂಬಾಕು ಜಗಿದ ಮುದುಕ ಕಟ್ಟೆಯಿಂದ ಉಗುಳಿದ ಹಾಗೆ ಔಷಧ ಎರಡೂ ಕನ್ನಡಕಕ್ಕೆ ಬಡಿಯಿತು. ಕಾರ್ಣಿಕ ಅಂದ ಮೇಲೆ ಅದಕ್ಕೊಂದು ಅರ್ಥ ಹೇಳುವವರು ಬೇಕು. ನಮ್ಮಾಕಿ ಹೇಳಿದಳು: “ಹೊಸಾದು ತಗೋರಿ ಅಂತ ನುಡೀತು.”

ನಾನು ಮುಖ ತೊಳೆಯಲು ಹೋದಾಗ ಅವಳು ಪಂಪಿನ ಮೈ ಒರೆಸುತ್ತಿದ್ದಳು. ಪಕ್ಕದಲ್ಲಿ ಗುಂಡಿಯಂಥದ್ದೊಂದು ಇತ್ತು. ಇಷ್ಟು ದಿನ ನಾನದನ್ನು ಅಲಂಕಾರ ಎಂದುಕೊಂಡಿದ್ದೆ. ಅವಳು ಉಗುರಿನಿಂದ ಎಬ್ಬಿಸಿದಳು. ಒಳಗಿನಿಂದ ನಾಲ್ಕಾಣೆಯಷ್ಟಗಲದ ಅರಳೆಯ ಬಿಲ್ಲೆ ಬಂತು. ಪಂಪು ಎಳೆಯುವ ಗಾಳಿಯನ್ನು ಸೋಸುವ ಫಿಲ್ಟರು. ಬೆಳ್ಳಗಿರಬೇಕಾದದ್ದು.

“ಏನ್ರೀ ಇದು, ಒಳಗ ಕುಂಕುಮದ ಭರಣಿ ಇಟ್ಟೀರಿ?”

ವೈಜ್ಞಾನಿಕ ಮನೋಭಾವದವನು ಏನು ಮಾಡಬೇಕೋ ಅದನ್ನೇ ಮಾಡಿದೆ, ಮೂಗಿಗೆ ಹಿಡಿದು ಮೂಸಿದೆ. ಆಮೇಲಿನ ಕಾಲು ತಾಸಿನ ವರದಿ ಬೇಡ. ಕಟ್ಟಿದ್ದು ತೂತಲ್ಲ, ಗಾಳಿಯ ಬಾಗಿಲು. ವಾರವಿಡೀ ಬ್ಯಾಡಗಿಯ ಕಿಟಕಿಯಲ್ಲಿ ಕೂತು ಮಷೀನು ಮಾಳಿಗೆಯ ಡಬ್ಬಿ, ಕಡ್ಡಿ ಎರಡನ್ನೂ ಭೇದವಿಲ್ಲದೆ ಸೇದಿತ್ತು. ಸೋಸಿ ಉಳಿದದ್ದನ್ನು ನಾನು.

ಆ ಕೆಂಪು ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡಾಗ ತೊಟ್ಟು ಬಿಡಿಸುತ್ತಿದ್ದ ಮೂವರಲ್ಲಿ ಒಬ್ಬಾಕೆ ನೆನಪಾದಳು. ಒಂದು ಸಂಜೆ ಕೋಣೆಯ ಬಾಗಿಲಿಗೆ ಬಂದು ನಿಂತು, “ಇದರ ಹೊಗಿ ತಗೊಂಡ್ರ ಕೆಮ್ಮು ನಿಂದರತೈತೇನ್ರಿ ಯಜಮಾನ್ರ?” ಎಂದು ಕೇಳಿದ್ದಳು. ಮಾಸ್ಕ್ ಹಾಕಿದ್ದೆ, ತಲೆಯಾಡಿಸಿದೆ. “ಎಷ್ಟ ಆತ್ರಿ ಇದಕ್ಕ?” ಎರಡು ಬೆರಳು ತೋರಿಸಿದೆ. ಎರಡು ನೂರು ಎಂದುಕೊಂಡಳೋ ಎರಡು ಸಾವಿರ ಎಂದು ಸರಿಯಾಗಿಯೇ ತಿಳಿದಳೋ, ಮೂಗಿನ ಮೇಲಿನ ಸೆರಗು ಬಿಗಿ ಮಾಡಿಕೊಂಡು ರಾಶಿಯ ಕಡೆ ಹೋದಳು. ಆ ಸೆರಗೇ ಅವಳ ಫಿಲ್ಟರು. ನನ್ನ ಮಷೀನು ಅಲ್ಲಿದ್ದದ್ದು ಒಂದು ವಾರ, ಅದೂ ದಿನಕ್ಕೆ ಇಪ್ಪತ್ತು ನಿಮಿಷ. ಅವಳು ಹಂಗಾಮು ಪೂರ್ತಿ ಬೆಳಗಿನಿಂದ ಸಂಜೆಯತನಕ ರಾಶಿಯಲ್ಲೇ ಕೂತಿರುತ್ತಾಳೆ. ಅಂದು ಮಾಸ್ಕ್ ತೆಗೆದು ಎರಡು ಮಾತಾಡಬಹುದಿತ್ತು. ಔಷಧ ವ್ಯರ್ಥವಾದೀತೆಂದು ತೆಗೆಯಲಿಲ್ಲ.

ಹೊಸ ಬಟ್ಟಲೂ ಫಿಲ್ಟರೂ ಔಷಧದ ಅಂಗಡಿಯಲ್ಲಿ ಸಿಕ್ಕವು. ರಾಣೆಬೆನ್ನೂರಿಗೆ ಹೋಗುವ ಅಗತ್ಯ ಇರಲೇ ಇಲ್ಲ. ಈಗ ಪ್ರತಿ ಸಲ ಕಾಸಿ ಆರಿಸಿದ ನೀರಿನಲ್ಲಿ ಬಟ್ಟಲು ತೊಳೆದು, ಝಾಡಿಸಿ, ಒಗೆದ ಬಟ್ಟೆಯ ಮೇಲೆ ಆರಲು ಬಿಡುತ್ತೇನೆ. ತಿಂಗಳಿಗೊಮ್ಮೆ ಬಿಲ್ಲೆಯ ಬಣ್ಣ ನೋಡುತ್ತೇನೆ. “ಪಿನ್ ಹಾಕಿದ್ರೇನು ಮಾಮಾ?” ಎಂದು ಅಳಿಯ ಕೇಳಿದ. ಇಲ್ಲಪಾ ಎಂದೆ.

ಉಳಿದ ಹನ್ನೊಂದು ಪಿನ್ನು ಪೊಟ್ಟಣದಲ್ಲಿ ಹಾಗೇ ಇವೆ. ಪಂಪ್ ಸ್ಟೋ ಇನ್ನೂ ಇಟ್ಟುಕೊಂಡವರು ಯಾರಾದರೂ ಇದ್ದರೆ ಹಾವೇರಿ ಕಡೆ ಬಂದಾಗ ಒಯ್ಯಿರಿ. ನಾನು ಬಿಡಿಯಾಗಿಯೂ ಕೊಡುತ್ತೇನೆ.