ಖರ್ಚಿಲ್ಲದ ಕಾರಣ

ನಮ್ಮ ಬೀದಿಯ ರಾಯರ ಕಾರು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಬೀಳುತ್ತದೆ. ತಿರುವಿನಲ್ಲಿ ಒಮ್ಮೆ ‘ಕೀಂಯ್’, ಗೇಟಿನ ಮುಂದೆ ಇನ್ನೊಮ್ಮೆ. ಮೊದಲನೆಯದಕ್ಕೇ ಅವರ ಮನೆಯವರು ಕಾಫಿಗೆ ಹಾಲು ಬಿಸಿಗಿಟ್ಟಿರುತ್ತಾರೆ.

“ಯಾಕೆ ರಾಯರೇ, ಬ್ರೇಕ್ ಹೀಗೆ ಕಿರುಚ್ತಿದೆ?” ಎಂದರೆ ಉತ್ತರ ಸಿದ್ಧ. “ರಾತ್ರಿ ಮಳೆ ಬಂತಲ್ಲಪ್ಪಾ, ಡಿಸ್ಕ್ ಮೇಲೆ ತೆಳ್ಳಗೆ ತುಕ್ಕು ಕೂತಿರುತ್ತೆ. ನಾಲ್ಕು ಸಲ ಬ್ರೇಕ್ ಒತ್ತಿದ್ರೆ ತಾನೇ ಹೋಗುತ್ತೆ.” ನೂರಕ್ಕೆ ನೂರು ಸರಿ. ಮಳೆಗಾಲ ಮುಗಿದು ದೀಪಾವಳಿ ಬಂದರೂ ಸದ್ದು ಹೋಗಲಿಲ್ಲ, ಕಾರಣ ಮಾತ್ರ ಬದಲಾಯಿತು. “ಹಿಂದಿನ ಚಕ್ರದ್ದು ಡ್ರಮ್ ಬ್ರೇಕು, ಒಳಗೆ ಧೂಳು ಸೇರಿದೆ. ನಮ್ಮ ರಸ್ತೆ ನೋಡಿದೀಯಲ್ಲ!” ಧರ್ಮಸ್ಥಳಕ್ಕೆ ಹೋಗಿ ಬಂದ ಮೇಲೆ ತಪ್ಪೆಲ್ಲ ಚಾರ್ಮಾಡಿ ಘಾಟಿಯದು: “ಇಳಿಜಾರಲ್ಲಿ ಪ್ಯಾಡ್ ಕಾದು ಮೈ ನುಣ್ಣಗಾಗಿದೆ, ಅಷ್ಟೇ.” ಅದೂ ನಿಜವೇ. ಸೆಕೆಂಡ್ ಗೇರಿನಲ್ಲಿ ಇಳಿಯಬೇಕಾದ ಘಾಟಿಯನ್ನು ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿದವರು ಯಾರೆಂದು ನಾವು ಕೇಳಲಿಲ್ಲ.

ರಾಯರು ಸುಳ್ಳು ಹೇಳುವವರಲ್ಲ. ಸದ್ದಿಗಿರುವ ಹತ್ತು ಕಾರಣಗಳಲ್ಲಿ ದುಡ್ಡು ಬೇಡದವನ್ನಷ್ಟೇ ಆರಿಸಿಕೊಳ್ಳುತ್ತಾರೆ. ಪ್ಯಾಡ್ ಸವೆದಿದೆ ಎಂಬುದು ಮಾತ್ರ ಅವರ ಬಾಯಲ್ಲಿ ಬಂದದ್ದಿಲ್ಲ. ಎಷ್ಟೋ ಪ್ಯಾಡ್‌ಗಳಿಗೆ ಪುಟ್ಟದೊಂದು ತಗಡಿನ ನಾಲಗೆ ಇರುತ್ತದೆ. ಪ್ಯಾಡ್ 2-3 ಮಿಲಿಮೀಟರಿಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಕಿರುಚಲಿ ಎಂದೇ ಮಾಡಿಟ್ಟದ್ದು. ಗ್ಯಾರೇಜಿನ ಹುಡುಗ ಚಕ್ರ ಬಿಚ್ಚಿ ಅದನ್ನೇ ತೋರಿಸಿದ. ರಾಯರು ಕನ್ನಡಕ ಹಣೆಗೇರಿಸಿ, ಬಗ್ಗಿ ನೋಡಿ, “ಇನ್ನೂ ಇದೆಯಲ್ಲೋ! ಯುಗಾದಿವರೆಗೆ ಬರುತ್ತೆ. ಸದ್ದಿಗೆ ಒಂಚೂರು ಎಣ್ಣೆ ಬಿಡು” ಅಂದರು.

ಹುಡುಗ ಕೈಮುಗಿದ. “ಪ್ಯಾಡಿಗೆ ಎಣ್ಣೆ ಬಿಟ್ರೆ ಸದ್ದು ನಿಲ್ಲುತ್ತೆ ಸಾರ್, ಗಾಡಿ ನಿಲ್ಲಲ್ಲ.”

ಶಿವರಾತ್ರಿಯ ಹೊತ್ತಿಗೆ ‘ಕೀಂಯ್’ ಹೋಗಿ ‘ಗರ್ರ್’ ಬಂತು. “ನೋಡಿದ್ಯಾ, ಕಿರುಚೋದು ತಾನಾಗೇ ನಿಂತೋಯ್ತು!” ಎಂದು ರಾಯರು ಬೀದಿಗೆಲ್ಲ ಹೇಳಿಕೊಂಡು ಬಂದರು. ಅಷ್ಟರಲ್ಲಿ ಪ್ಯಾಡ್ ಪೂರಾ ಮುಗಿದು, ಅದರ ಬೆನ್ನಿನ ಕಬ್ಬಿಣ ಡಿಸ್ಕನ್ನು ಕೆರೆಯುತ್ತಿತ್ತು. ಪ್ಯಾಡಿನಲ್ಲಿ ಮುಗಿಯಬೇಕಿದ್ದ ಖರ್ಚು ಎರಡು ಡಿಸ್ಕಿನವರೆಗೂ ಬೆಳೆಯಿತು. ಬಿಲ್ಲನ್ನು ಎರಡು ಸಲ ಓದಿದ ರಾಯರು, “ಈಗಿನ ಡಿಸ್ಕುಗಳಲ್ಲಿ ಮೊದಲಿನ ಗಟ್ಟಿತನ ಇಲ್ಲ ಬಿಡು” ಅಂದರು.

ಇಂಥ ರಾಯರು ನಿಮ್ಮ ಬೀದಿಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಬುದ್ಧಿ ಹೇಳಲು ಹೋಗಬೇಡಿ. ಅವರ ಕಾರು ಮುಂದೆ ಹೋಗಲಿ, ಆಮೇಲೆ ರಸ್ತೆ ದಾಟಿ.